ಅಂಗಡಿಯ ಹೊಸ್ತಿಲು, ರಾಜ್ಯದ ಗಡಿ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಂದು ಸಣ್ಣ ಜೀನ್ಸ್ ಅಂಗಡಿ ಇದೆ ಎಂದುಕೊಳ್ಳಿ. ವರ್ಷದ ವಹಿವಾಟು ಹದಿನೈದು ಲಕ್ಷ. ಆಂಧ್ರದ ರಾಯದುರ್ಗದ ಅಂಗಡಿಯವರೊಬ್ಬರು ಫೋನ್ ಮಾಡಿ, "ಅಣ್ಣ, ಇಪ್ಪತ್ತು ಪ್ಯಾಂಟು ಕಳಿಸಿಕೊಡು" ಅನ್ನುತ್ತಾರೆ. ಇವರು ಗಂಟು ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಊಟದ ಹೊತ್ತಿಗೆ ಮಾಲು ಮುಟ್ಟುತ್ತದೆ, ಸಂಜೆಗೆ ಫೋನಿನಲ್ಲೇ ದುಡ್ಡು ಬರುತ್ತದೆ. ಇದರಲ್ಲಿ ಕಾನೂನಿನ ತೊಡಕು ಏನು?

ತೊಡಕು ಗಡಿಯಲ್ಲಿದೆ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ತೆರಿಗೆ ಇರುವ ಸರಕನ್ನು ಇನ್ನೊಂದು ರಾಜ್ಯಕ್ಕೆ ಮಾರಿ ಕಳಿಸುವವರಿಗೆ ಈ 40 ಲಕ್ಷದ ರಿಯಾಯಿತಿ ಇಲ್ಲ. ಹತ್ತು ಸಾವಿರದ ಮಾಲಾದರೂ ನೋಂದಣಿ ಮೊದಲು, ಮಾರಾಟ ಆಮೇಲೆ. ಅದೇ ಗಂಟನ್ನು ನಮ್ಮದೇ ರಾಜ್ಯದ ಸಿರುಗುಪ್ಪಕ್ಕೋ ಕುರುಗೋಡಿಗೋ ಕಳಿಸಿದ್ದರೆ ಯಾರೂ ಕೇಳುವಂತಿರಲಿಲ್ಲ. ರಾಯದುರ್ಗದ ಗಿರಾಕಿಯೇ ಬಳ್ಳಾರಿಗೆ ಬಂದು, ತನಗಾಗಿ ಒಂದು ಪ್ಯಾಂಟು ಕೊಂಡು ಒಯ್ದರೆ ಸಾಮಾನ್ಯವಾಗಿ ಅದು ಸ್ಥಳೀಯ ಮಾರಾಟವೇ. ಬಿಲ್ಲಿನಲ್ಲಿ ಆತನ ಆಂಧ್ರದ ವಿಳಾಸ ಬರೆದರೆ ಮಾತ್ರ ಲೆಕ್ಕ ಬೇರೆ. ಇನ್ನು ಅದೇ ರಾಯದುರ್ಗದವರು ಬಟ್ಟೆ ತಮ್ಮದೇ ಕೊಟ್ಟು, ನಮ್ಮವರಿಂದ ಬರೀ ಹೊಲಿಗೆ ಮಾಡಿಸಿಕೊಂಡರೆ ಅದು ಜಾಬ್ ವರ್ಕ್, ಅಂದರೆ ಸೇವೆ. ಸೇವೆಗೆ ಮಿತಿ 20 ಲಕ್ಷ, ಆ ಮಿತಿಯೊಳಗೆ ಗಡಿ ದಾಟಿದರೂ ನೋಂದಣಿ ಬೇಕಿಲ್ಲ. ಅದೇ ಪ್ಯಾಂಟು, ಅದೇ ಊರು, ಅದೇ ಬಸ್ಸು. ಬಟ್ಟೆ ಯಾರದು, ಯಾರು ಎಲ್ಲಿಗೆ ಕಳಿಸಿದರು ಅನ್ನುವುದರ ಮೇಲೆ ಕಾನೂನು ಬದಲಾಗಿಬಿಡುತ್ತದೆ.

ಈ ಗಡಿ ನಮ್ಮ ಮನೆ ಬಾಗಿಲಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮತ್ತು ಉಳಿದವು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳವನ್ನು ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಸಿ ಬಗೆಹರಿಸಬೇಕಾಯಿತು. ಭೂಮಿ ಹಂಚಿಕೆಯಾಯಿತು, ಬೀಗತನ ಮತ್ತು ವ್ಯಾಪಾರ ಹಂಚಿಕೆಯಾಗಲಿಲ್ಲ. ಆದವಾನಿಯ ಹತ್ತಿ, ಗುಂತಕಲ್ಲಿನ ರೈಲು, ರಾಯದುರ್ಗದ ಹೊಲಿಗೆಯವರು, ಇವೆಲ್ಲ ನಮ್ಮ ಪೇಟೆಗೆ ಇಂದಿಗೂ ಪಕ್ಕದ ಓಣಿಯಷ್ಟೇ ಹತ್ತಿರ. ಅದಕ್ಕೇ ಇಲ್ಲಿನ ವ್ಯಾಪಾರಸ್ಥರಿಗೆ ರಾಜ್ಯದ ಗೆರೆ ಎಲ್ಲಿದೆ ಎಂಬುದು ನಕ್ಷೆಯಲ್ಲಿ ಕಂಡರೂ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

ಮೈಸೂರಿಗೆ ಬಂದ ಮೇಲೂ ನಮ್ಮ ಅಂಗಡಿಗಳಿಗೆ ಕೆಲವು ವರ್ಷ ಮದ್ರಾಸಿನ 1947ರ ಅಂಗಡಿ ಕಾನೂನೇ ನಡೆಯುತ್ತಿತ್ತು. ಹುಬ್ಬಳ್ಳಿಯವರಿಗೆ ಮುಂಬಯಿಯದು, ಕಲಬುರಗಿಯವರಿಗೆ ಹೈದರಾಬಾದಿನದು, ಬೆಂಗಳೂರಿನವರಿಗೆ ಹಳೆ ಮೈಸೂರಿನದು. ಇವನ್ನೆಲ್ಲ ತೆಗೆದು ಒಂದೇ ಮಾಡಿದ್ದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆಗಿನಿಂದ "ಹಳೇ ಕಾನೂನೆಲ್ಲ ಹೋದ್ವಂತಲ್ರೀ ವಕೀಲ್ರೆ" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೇಂದ್ರದ ಹಳೆಯವು ಹಲವು ಹೋದವು, ನಿಜ. ನಮ್ಮ ರಾಜ್ಯದ ಈ 1961ರ ಕಾಯಿದೆ ಹೋಗಿಲ್ಲ.

ಅದು ಕೇಳುವುದು ತೀರಾ ದೊಡ್ಡದೇನೂ ಅಲ್ಲ. ಅಂಗಡಿ ತೆರೆದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಅದು 5 ವರ್ಷ ನಡೆಯುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ. ಕೆಲಸಕ್ಕೆ ಇಟ್ಟುಕೊಂಡವರಿಗೆ ನೇಮಕಾತಿ ಪತ್ರ. ಈ ಕೊನೆಯದನ್ನು ನಮ್ಮ ಪೇಟೆಯಲ್ಲಿ ಕೊಡುವವರು ಅಪರೂಪ. "ನಮ್ಮ ಹುಡುಗಾನೇ, ಅವನಿಗೆಂಥ ಲೆಟರು" ಅನ್ನುತ್ತಾರೆ. ಆ ಹುಡುಗ ಆರು ತಿಂಗಳು ಬಿಡದೆ ಕೆಲಸ ಮಾಡಿದ ಮೇಲೆ, ಒಂದು ಬೆಳಿಗ್ಗೆ ಸಿಟ್ಟಿನಲ್ಲಿ "ನಾಳೆಯಿಂದ ಬರಬೇಡ" ಅಂದುಬಿಡುತ್ತಾರೆ. ಆರು ತಿಂಗಳು ಕಳೆದ ನೌಕರನನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಒಂದು ತಿಂಗಳ ಸಂಬಳ ಇಲ್ಲದೆ ತೆಗೆಯುವ ಹಾಗಿಲ್ಲ ಎಂದು ಕಾಯಿದೆ ಹೇಳುತ್ತದೆ. ಆತ ಮೇಲ್ಮನವಿ ಹಾಕಿದರೆ, ಯಾವತ್ತು ಸೇರಿದ, ಎಷ್ಟು ಸಂಬಳ, ಯಾಕೆ ತೆಗೆದಿರಿ ಎಂದು ತೋರಿಸಲು ಮಾಲೀಕರ ಬಳಿ ಒಂದು ಚೀಟಿಯೂ ಇರುವುದಿಲ್ಲ. ನೇಮಕಾತಿ ಪತ್ರ ನೌಕರನ ಅನುಕೂಲಕ್ಕೆ ಎಂದುಕೊಂಡವರು ಅಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತಾರೆ.

ರಾಜ್ಯದ ಗೆರೆಯೊಳಗೇ ಇನ್ನಷ್ಟು ಗೆರೆಗಳಿವೆ. ಬಳ್ಳಾರಿ ಮಹಾನಗರ ಪಾಲಿಕೆಗೆ 1976ರ ಪಾಲಿಕೆಗಳ ಕಾಯಿದೆ, ಸಿರುಗುಪ್ಪ ಮತ್ತು ಕುರುಗೋಡಿನ ಸ್ಥಳೀಯ ಸಂಸ್ಥೆಗಳಿಗೆ 1964ರ ಪುರಸಭೆಗಳ ಕಾಯಿದೆ, ಊರಾಚೆಯ ಹಳ್ಳಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ಇಲ್ಲಿ ಅಂಗಡಿ, ಅಲ್ಲಿ ಗೋದಾಮು ಇಟ್ಟುಕೊಂಡವರು ಎರಡು ಕಡೆ ಎರಡು ಲೈಸೆನ್ಸ್ ಮಾಡಿಸಬೇಕು, ಎರಡು ಕಡೆ ನವೀಕರಿಸಬೇಕು. ಟ್ರೇಡ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಂಗಡಿ ನೋಂದಣಿಗೆ 5 ವರ್ಷ ಇದೆ ಎಂದು ಇದನ್ನೂ ಮರೆತವರುಂಟು. ನಾಮಫಲಕದಲ್ಲಿ 60 ಭಾಗ ಕನ್ನಡ ಇರಬೇಕೆಂಬುದು 2024ರ ತಿದ್ದುಪಡಿ. ತೆಲುಗು, ಉರ್ದು, ಮರಾಠಿ ಎಲ್ಲ ನಡೆಯುವ ನಮ್ಮ ಪೇಟೆಯಲ್ಲಿ ಉಳಿದ 40 ಭಾಗದಲ್ಲಿ ಅವುಗಳಿಗೂ ಜಾಗ ಇದೆ. ಈ ವಿಷಯದಲ್ಲಿ ಗದ್ದಲ ಆಗಿರುವಷ್ಟು ಕಷ್ಟ ಇಲ್ಲ. ಬೋರ್ಡು ಬರೆಸುವ ಮುಂಚೆ ಅಳತೆ ಮಾಡಿಸಿದರೆ ಮುಗಿಯಿತು.

ನನಗೆ ಹೆಚ್ಚು ಚಿಂತೆಯಾಗುವುದು ಲೈಸೆನ್ಸ್ ಒಂದು ಕೈಯಲ್ಲಿದ್ದರೆ ಎಲ್ಲಾ ಆಯಿತು ಎಂಬ ನಂಬಿಕೆ. ಬಳ್ಳಾರಿಯ ಜೀನ್ಸ್ ತೊಳೆಯುವ ವಾಷಿಂಗ್ ಯೂನಿಟ್‌ಗಳ ಕಥೆ ನೋಡಿ. ಬಟ್ಟೆ ಬ್ಲೀಚ್ ಮಾಡಿದ ಬಣ್ಣದ ನೀರು ಹೊರಗೆ ಹೋಗುವ ಕೆಲಸಕ್ಕೆ 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಎರಡು ಸಮ್ಮತಿ ಬೇಕು. ಕಟ್ಟುವ ಮುಂಚೆ ಒಂದು, ನಡೆಸುವ ಮುಂಚೆ ಇನ್ನೊಂದು. ಇಲ್ಲದಿದ್ದರೆ ಮಂಡಳಿ ಮುಚ್ಚಲು ಹೇಳಬಹುದು. ಜೊತೆಗೆ ವಿದ್ಯುತ್ ಕಡಿತಗೊಳಿಸಿ ಎಂದು ಜೆಸ್ಕಾಂಗೂ ನಿರ್ದೇಶನ ಕೊಡಬಹುದು. ಇಲ್ಲಿ ಆದದ್ದೂ ಅದೇ, ಮಂಡಳಿ ಘಟಕಗಳನ್ನು ಮುಚ್ಚಿಸಲು ಹೊರಟಾಗ ಪೆಟ್ಟು ಬಿದ್ದದ್ದು ಬರೀ ತೊಳೆಯುವವರಿಗಲ್ಲ. ಹೊಲಿದು ರಾಶಿ ಹಾಕಿಕೊಂಡು ಕೂತವರಿಗೆ ತೊಳೆಸಲು ಜಾಗವಿಲ್ಲ, ತಾರೀಖು ಕೊಟ್ಟ ಮುಂಬಯಿಯ ಡೀಲರಿಗೆ ಮಾಲು ಕಳಿಸಲಾಗಲಿಲ್ಲ. ನಿಮ್ಮ ಮಾಲು ತೊಳೆಯುವವರ ಬಳಿ ಸಮ್ಮತಿ ಪತ್ರ ಚಾಲ್ತಿಯಲ್ಲಿದೆಯೇ ಎಂದು ಕೇಳುವುದು ನಿಮ್ಮ ವ್ಯಾಪಾರದ ಭಾಗ ಎಂದು ನನ್ನ ಅಭಿಪ್ರಾಯ. ಮೀಟರನ್ನೂ ನೋಡಿಕೊಳ್ಳಿ. ಮನೆ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟು ಮನೆಯ ಮೀಟರಿನಿಂದಲೇ ನಡೆಸಿದರೆ, 2003ರ ವಿದ್ಯುತ್ ಕಾಯಿದೆಯ ಭಾಷೆಯಲ್ಲಿ ಅದು ಅನಧಿಕೃತ ಬಳಕೆ. ಯಾವಾಗ ಶುರುವಾಯಿತೆಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ, ಎರಡು ಪಟ್ಟು ದರದಲ್ಲಿ ಬಿಲ್ಲು ಹಾಕುತ್ತಾರೆ.

ಬಾಡಿಗೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅಂಗಡಿ ಬಾಡಿಗೆದಾರರಲ್ಲಿ ಒಂದು ಹಳೆಯ ಧೈರ್ಯ ಇದೆ: ಇಪ್ಪತ್ತು ವರ್ಷದಿಂದ ಇದ್ದೇವೆ, ಬಾಡಿಗೆ ಕಾನೂನು ಇದೆ, ನಮ್ಮನ್ನು ಬಿಡಿಸಲು ಆಗುವುದಿಲ್ಲ. ಈಗ ನಡೆಯುತ್ತಿರುವುದು 1999ರ ಕರ್ನಾಟಕ ಬಾಡಿಗೆ ಕಾಯಿದೆ, ಜಾರಿಗೆ ಬಂದದ್ದು 2001ರ ಕೊನೆಯ ದಿನ. ಅದರ ರಕ್ಷಣೆ ಸಿಗುವುದು 14 ಚದರ ಮೀಟರಿನವರೆಗಿನ ಅಂಗಡಿಗೆ ಮಾತ್ರ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ ಎಂದುಕೊಳ್ಳಿ. ಅದರ ಮೇಲೆ ಬಾಡಿಗೆಯ ಮೊತ್ತಕ್ಕೂ ಮಿತಿ ಇದೆ, ಅದು ತಿಂಗಳಿಗೆ ಕೆಲವೇ ಸಾವಿರ. ನಮ್ಮೂರಿನ ಬೆಂಗಳೂರು ರಸ್ತೆಯಲ್ಲಿ ಅಷ್ಟು ಬಾಡಿಗೆಗೆ ಇವತ್ತು ಅಂಗಡಿ ಸಿಗುವುದು ಕಷ್ಟ. ಅಂದರೆ ಬಹುತೇಕ ಅಂಗಡಿಗಳು ಆ ಕಾಯಿದೆಯ ಹೊರಗಿವೆ. ಅವುಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆ. ಬರಹದಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ, ತಿಂಗಳ ಬಾಡಿಗೆದಾರರಿಗೆ 15 ದಿನಗಳ ನೋಟಿಸು ಕೊಟ್ಟು ಬಾಡಿಗೆ ಕೊನೆಗಾಣಿಸಬಹುದು. ಬಿಡದಿದ್ದರೆ ಕೋರ್ಟಿಗೆ ಹೋಗಬೇಕು, ಸಾಮಾನು ಹೊರಗೆ ಹಾಕುವ ಹಾಗಿಲ್ಲ. ಆದರೂ ಇಪ್ಪತ್ತು ವರ್ಷದ ನಂಬಿಕೆ ಆ 15 ದಿನದ ಮುಂದೆ ನಿಲ್ಲುವುದಿಲ್ಲ. ಒಳಗೆ ಲಕ್ಷಾಂತರ ಸುರಿದು ಫರ್ನಿಚರ್ ಮಾಡಿಸುವವರು ಮೊದಲು ಈ ಲೆಕ್ಕ ಹಾಕಬೇಕು.

"ಬರಹದಲ್ಲಿ ಒಪ್ಪಂದ" ಅಂದೆ. ಅಲ್ಲೂ ಒಂದು ಗುಂಡಿ ಇದೆ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದನ್ನು ತಪ್ಪಿಸಲೆಂದೇ ಹನ್ನೊಂದು ತಿಂಗಳ ಕರಾರು ಹುಟ್ಟಿಕೊಂಡಿತು. ಹನ್ನೊಂದು ತಿಂಗಳಾದರೂ ಮುದ್ರಾಂಕ ಶುಲ್ಕ ತಪ್ಪುವುದಿಲ್ಲ, ಬಾಡಿಗೆ ಜೊತೆಗೆ ಕೊಟ್ಟ ಮುಂಗಡವನ್ನೂ ಅದರ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮವರು ಯಾವ ಲೆಕ್ಕಕ್ಕೂ ಹೋಗದೆ ನೂರು ರೂಪಾಯಿಯ ಬಾಂಡ್ ಪೇಪರ್ ತಂದು, ನೋಟರಿ ಸೀಲು ಹೊಡೆಸಿ ಬೀರುವಿನಲ್ಲಿಡುತ್ತಾರೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣದ ಮೇಲೆ ರಾಜ್ಯ ಹಳೆಯ ಛಾಪಾ ಕಾಗದ ಬಿಟ್ಟು ಇ-ಸ್ಟಾಂಪಿಗೆ ಬಂದಿದೆ, ಜನರ ಬಾಯಲ್ಲಿ ಅದು ಇನ್ನೂ ಬಾಂಡ್ ಪೇಪರೇ. ಜಗಳ ಬಂದು ಅದನ್ನು ಕೋರ್ಟಿಗೆ ಕೊಟ್ಟ ದಿನ ಮೊದಲ ಪ್ರಶ್ನೆ: ಶುಲ್ಕ ಪೂರ್ತಿ ಕಟ್ಟಿದೆಯೇ? ಇಲ್ಲದಿದ್ದರೆ 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ ಪ್ರಕಾರ ಕೊರತೆಯ ಮೊತ್ತ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆ. ಆ ಹತ್ತು ಪಟ್ಟನ್ನು ಕಡಿಮೆ ಮಾಡುವ ಅಧಿಕಾರ ವಿಚಾರಣೆ ನಡೆಸುವ ನ್ಯಾಯಾಲಯಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಐದು ಲಕ್ಷ ಅಡ್ವಾನ್ಸ್ ವಾಪಸು ಕೇಳಲು ಹೋದವರು ಮೊದಲು ಜೇಬಿನಿಂದ ದಂಡ ಎಣಿಸಬೇಕಾಗುತ್ತದೆ.

ಮುಂಗಡ ಎಂದಾಗ ನಮ್ಮ ಜೀನ್ಸ್ ಕೆಲಸದ ಇನ್ನೊಂದು ಮುಂಗಡ ನೆನಪಾಗುತ್ತದೆ. ಕೌಲ್ ಬಜಾರಿನಲ್ಲಿರಲಿ, ಸತ್ಯನಾರಾಯಣಪೇಟೆಯಲ್ಲಿರಲಿ, ಒಳ್ಳೆಯ ಟೇಲರನ್ನು ಉಳಿಸಿಕೊಳ್ಳಲು ಮಾಲೀಕರು ಕೈಗಡ ಕೊಡುತ್ತಾರೆ. ಮಗಳ ಮದುವೆಗೆ, ಆಸ್ಪತ್ರೆಗೆ, ಹಬ್ಬಕ್ಕೆ. ಪೀಸ್ ರೇಟಿನಲ್ಲಿ ವಾರವಾರ ಸ್ವಲ್ಪ ಮುರಿದುಕೊಳ್ಳುತ್ತಾರೆ. ಇಲ್ಲಿಯವರೆಗೆ ತಕರಾರಿಲ್ಲ, ಕಷ್ಟಕ್ಕಾದ ಮಾಲೀಕರನ್ನು ನಾನು ತಪ್ಪು ಹಿಡಿಯಲಾರೆ. ಆದರೆ "ಬಾಕಿ ತೀರಿಸೋ ತನಕ ಬೇರೆ ಕಡೆ ಹೋಗೋ ಹಾಗಿಲ್ಲ" ಎಂಬ ಮಾತು ಬಾಯಿಂದ ಬಂದ ಗಳಿಗೆಗೆ ಆ ಸಂಬಂಧದ ಹೆಸರೇ ಬದಲಾಗುತ್ತದೆ. ಸಾಲದ ಕಾರಣಕ್ಕೆ ಒಬ್ಬ ಮನುಷ್ಯನ ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಿತ್ತುಕೊಂಡರೆ ಅದು 1976ರ ಜೀತ ನಿರ್ಮೂಲನ ಕಾಯಿದೆಯ ಕಣ್ಣಿಗೆ ಜೀತ. ಶಿಕ್ಷೆ ಮೂರು ವರ್ಷದವರೆಗೆ ಸೆರೆಮನೆ. ಸಾಲವೂ ರದ್ದಾಗುತ್ತದೆ. ಜೀತ ಅಂದರೆ ಹೊಲದಲ್ಲಿ, ಗೌಡರ ಮನೆಯಲ್ಲಿ ಎಂದುಕೊಂಡವರಿಗೆ ತಮ್ಮ ಹೊಲಿಗೆ ಹಾಲಿನಲ್ಲಿ ಅದು ಇರಬಹುದೆಂದು ಹೊಳೆಯುವುದೇ ಇಲ್ಲ. ಕೊಟ್ಟ ಹಣಕ್ಕೆ ಚೀಟಿ ಬರೆಸಿಕೊಳ್ಳಿ, ವಸೂಲಿಗೆ ಕೋರ್ಟಿನ ದಾರಿ ಇದೆ, ಮನುಷ್ಯನನ್ನು ತಡೆಯಬೇಡಿ. ದಾರ ಕತ್ತರಿಸುವ ಕೆಲಸಕ್ಕೆ ಹದಿನಾಲ್ಕು ತುಂಬದ ಮಕ್ಕಳನ್ನು ಕೂರಿಸುವುದೂ ಹಾಗೆಯೇ. "ಅವರವ್ವನೇ ಕರ್ಕೊಂಡ್ ಬಂದಿದಾಳೆ" ಎಂಬ ಉತ್ತರ ಇನ್‌ಸ್ಪೆಕ್ಟರ್ ಮುಂದೆ ನಡೆಯುವುದಿಲ್ಲ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯ ಮೇಲೆ ಇದಕ್ಕೆ ಆರು ತಿಂಗಳಿಂದ ಎರಡು ವರ್ಷ ಸೆರೆವಾಸವಿದೆ.

ಜನರ ಸಂಖ್ಯೆಯ ಆಟವೂ ಒಂದಿದೆ. ಹತ್ತು ಜನ ಆದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ವಿದ್ಯುತ್ ಬಳಸುವಲ್ಲಿ ಮೊದಲು ಹತ್ತು ಜನ ಇದ್ದರೆ ಕಾರ್ಖಾನೆ ಎನ್ನುತ್ತಿದ್ದರು, ಹೊಸ ಸಂಹಿತೆಯಲ್ಲಿ ಇಪ್ಪತ್ತು. ಅದಕ್ಕೆ ಹೆದರಿ ಒಂದೇ ಹಾಲಿಗೆ ನಡುವೆ ತೆರೆ ಕಟ್ಟಿ, ಅರ್ಧ ತನ್ನ ಹೆಸರಿಗೆ, ಅರ್ಧ ಹೆಂಡತಿ ಹೆಸರಿಗೆ ಮಾಡಿಕೊಳ್ಳುವವರಿದ್ದಾರೆ. ಕಟಿಂಗ್ ಮಾಸ್ಟರ್ ಒಬ್ಬನೇ, ದುಡ್ಡು ಬರುವುದು ಒಂದೇ ಕೈಗೆ, ಕಂಟ್ರೋಲು ಒಬ್ಬರದೇ. ಪಿಎಫ್‌ನವರು ಇಂಥ ಎರಡನ್ನು ಕೂಡಿಸಿ ಒಂದೇ ಎಂದು ಲೆಕ್ಕ ಹಿಡಿಯುತ್ತಾರೆ. ಬಾಕಿ ಹಿಂದಿನಿಂದ ಬರುತ್ತದೆ, ಬಡ್ಡಿ ಸಮೇತ.

ಇನ್ನು ಫೋನಿನ ದುಡ್ಡು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನಿಮಗೆಲ್ಲ ನೆನಪಿರಬಹುದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಯುಪಿಐ ಮೂಲಕ ಬಂದಿದೆ ಎಂದು, 29 ಲಕ್ಷದ ತೆರಿಗೆ ಕೇಳಿದ ಸುದ್ದಿ ರಾಜ್ಯವೆಲ್ಲ ಹರಡಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಗದ್ದಲ ಆಯಿತು, ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದರು, ಬಂದ್ ಮಾತು ಬಂತು. ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ವಿನಾಯಿತಿ ಇರುವ ಸರಕಿನವರನ್ನು ಬಿಡುವುದಾಗಿ, ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ಕೇಳುವುದಿಲ್ಲವೆಂದು ಹೇಳಿದ ಮೇಲೆ ತಣ್ಣಗಾಯಿತು. ಇಲಾಖೆ ಆತುರಪಟ್ಟಿತು ಎಂದೇ ನಾನು ಹೇಳುತ್ತೇನೆ. ಆದರೆ ಆ ಗದ್ದಲದಲ್ಲಿ ಒಂದು ಸೂಕ್ಷ್ಮ ಯಾರ ಕಿವಿಗೂ ಬೀಳಲಿಲ್ಲ. ಬರೀ ತರಕಾರಿ, ಬರೀ ಹಾಲು ಮಾರುವವರಿಗೆ ವಹಿವಾಟು ಎಷ್ಟಾದರೂ ನೋಂದಣಿ ಬೇಕಿಲ್ಲ. ಅದೇ ಅಂಗಡಿಯಲ್ಲಿ ಬಿಸ್ಕತ್ತು, ಸೋಪು, ಸಿಗರೇಟು ಇಟ್ಟರೆ 40 ಲಕ್ಷದ ಲೆಕ್ಕಕ್ಕೆ ತರಕಾರಿ, ಹಾಲಿನ ಮಾರಾಟವೂ ಸೇರುತ್ತದೆ. ತೆರಿಗೆ ಕಟ್ಟುವುದು ಸೋಪಿನ ಮೇಲೆ ಮಾತ್ರ, ಮಿತಿ ದಾಟಿತೋ ಇಲ್ಲವೋ ಎಂದು ಎಣಿಸುವುದು ಎಲ್ಲವನ್ನೂ ಕೂಡಿಸಿ. ಜೊತೆಗೆ ತಂಗಿಯ ಮದುವೆಗೆ ಬಂದ ಹಣ, ಚೀಟಿಯ ಹಣ, ಗೆಳೆಯ ವಾಪಸು ಕೊಟ್ಟ ಕೈಗಡ ಎಲ್ಲವೂ ಅಂಗಡಿಯ ಅದೇ ಕ್ಯೂಆರ್ ಕೋಡಿಗೆ ಬಂದಿದ್ದರೆ, ಯಾವುದು ಮಾರಾಟ, ಯಾವುದು ಅಲ್ಲ ಎಂದು ಬಿಡಿಸಿ ಹೇಳುವ ಹೊರೆ ನಿಮ್ಮ ತಲೆಯ ಮೇಲೆ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಇಡಲು ಖರ್ಚೇನೂ ಇಲ್ಲ.

ಅಣ್ಣತಮ್ಮಂದಿರು, ಗೆಳೆಯರು ಕೂಡಿ ಮಾಡುವ ವ್ಯಾಪಾರದ ಬಗ್ಗೆ ಒಂದು ಮಾತು. ಪಾಲುದಾರಿಕೆಯನ್ನು ನೋಂದಣಿ ಮಾಡಿಸಲೇಬೇಕು ಎಂದು 1932ರ ಕಾಯಿದೆ ಎಲ್ಲೂ ಬಲವಂತ ಮಾಡುವುದಿಲ್ಲ. ಅದಕ್ಕೇ ಯಾರೂ ಮಾಡಿಸುವುದಿಲ್ಲ. ಆದರೆ ನೋಂದಣಿಯಾಗದ ಫರ್ಮು ತನಗೆ ಬರಬೇಕಾದ ವ್ಯಾಪಾರದ ಬಾಕಿಗಾಗಿ ದಾವಾ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ 69ನೇ ಕಲಂ ಹೇಳುತ್ತದೆ. ಬೇರೆಯವರು ನಿಮ್ಮ ಮೇಲೆ ಹಾಕಬಹುದು, ನೀವು ಹಾಕುವ ಹಾಗಿಲ್ಲ. ದಾವಾ ಹಾಕಿದ ಮೇಲೆ ಓಡಿಹೋಗಿ ನೋಂದಣಿ ಮಾಡಿಸಿದರೂ ಆ ದಾವಾ ಬದುಕುವುದಿಲ್ಲ. ಇಬ್ಬರೇ ಇರುವ ಫರ್ಮಿನಲ್ಲಿ ಒಬ್ಬರು ತೀರಿಕೊಂಡರೆ ಫರ್ಮೇ ಮುಗಿಯುತ್ತದೆ ಎಂಬುದು, ಉಳಿದವರು ಬ್ಯಾಂಕಿಗೆ ಹೋಗಿ ಖಾತೆ ನಿಂತದ್ದು ಕಂಡಾಗಲೇ ತಿಳಿಯುತ್ತದೆ. ವೃತ್ತಿ ತೆರಿಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದಕ್ಕೆ ಎರಡು ಮುಖ ಇವೆ: ತಿಂಗಳಿಗೆ 25,000 ಮತ್ತು ಹೆಚ್ಚು ಸಂಬಳದ ನೌಕರರಿಂದ ಮುರಿದು ಕಟ್ಟುವುದು ಒಂದು, ಮಾಲೀಕರು ತಮ್ಮ ಹೆಸರಿನಲ್ಲಿ ವರ್ಷಕ್ಕೆ 2,500 ಕಟ್ಟುವುದು ಇನ್ನೊಂದು. ಮೊದಲನೆಯದನ್ನು ಕಟ್ಟಿ ಎರಡನೆಯದನ್ನು ಬಿಟ್ಟವರೇ ಹೆಚ್ಚು. ಏಪ್ರಿಲ್ 30 ಕೊನೆಯ ದಿನ.

ಹೊರ ರಾಜ್ಯದ ಬಾಕಿಯ ಮಾತು ಉಳಿದಿದೆ. ನಮ್ಮ ಬಿಲ್ಲುಗಳ ಅಡಿಯಲ್ಲಿ "ಬಳ್ಳಾರಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ" ಎಂದು ಅಚ್ಚು ಹಾಕಿಸುವುದು ರೂಢಿ. ಅದು ಒಳ್ಳೆಯದೇ. ಆದರೆ ಬಾಕಿಗೆ ದಾವಾ ಹೂಡಲು ಮೂರೇ ವರ್ಷ ಇದೆ. ಆ ಮೂರು ವರ್ಷದೊಳಗೆ ಬಾಕಿ ಇರುವವರಿಂದ "ಇಷ್ಟು ಕೊಡುವುದಿದೆ" ಎಂದು ಸಹಿ ಮಾಡಿಸಿಕೊಂಡರೆ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ, ಕಳೆದ ಮೇಲೆ ಮಾಡಿಸಿಕೊಂಡರೆ ಆಗುವುದಿಲ್ಲ. ಚೆಕ್ ವಾಪಸು ಬಂದರೆ ಮುಂಬಯಿಗೋ ಹೈದರಾಬಾದಿಗೋ ಅಲೆಯಬೇಕಾಗಿಲ್ಲ. 2015ರ ತಿದ್ದುಪಡಿಯ ನಂತರ ನಿಮ್ಮ ಖಾತೆ ಬಳ್ಳಾರಿಯ ಶಾಖೆಯಲ್ಲಿದ್ದರೆ ಕೇಸು ಬಳ್ಳಾರಿಯಲ್ಲೇ. ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನಗಳಲ್ಲಿ ನೋಟಿಸು, ಅದು ಮುಟ್ಟಿದ ಮೇಲೆ ಅವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. "ದೀಪಾವಳಿ ಆದ್ಮೇಲೆ ಕೊಡ್ತೀನಿ ಸೇಟು" ಎಂಬ ಒಂದು ಮಾತಿಗೆ ಈ 30 ದಿನ ಕರಗಿಹೋಗುತ್ತದೆ. ಹಾಗೆ ಕರಗಿದಾಗ ಚೆಕ್ಕಿನ ಅವಧಿ ಇನ್ನೂ ಇದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸ ಮೆಮೊ ಪಡೆಯಬಹುದು. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು.

ವಕೀಲರ ಫೀಜಿಗೆ ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಜನ ಇದ್ದಾರೆ. ಮನೆಯಲ್ಲೇ ಹೊಲಿಗೆ ಯೂನಿಟ್ ನಡೆಸುವವರು, ರೊಟ್ಟಿ, ಉಪ್ಪಿನಕಾಯಿ ಮಾಡಿ ಮಾರುವವರು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೋರ್ಟಿನ ಆವರಣದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಬಿಲ್ಲು, ಕರಾರು, ಮೆಮೊ, ಯಾವುದಿದೆಯೋ ಅದರ ಮೂಲ ಪ್ರತಿ ಜೊತೆಗಿರಲಿ, ಕೈಬಿಟ್ಟು ಕೊಡುವುದು ಜೆರಾಕ್ಸ್ ಮಾತ್ರ.